ಅಡ್ಡಗಾಳಿಯಲ್ಲಿ ಲ್ಯಾಂಡಿಂಗ್: ಸೋಗಾನೆ ಬೇಲಿ ಪಕ್ಕದಿಂದ

ಸದ್ದು ಜಾಸ್ತಿ ಇದೆ, ಗೊತ್ತು. ಆಷಾಢದ ಗಾಳಿ, ಮೈಕಿನ ಸ್ಪಂಜಿಗೂ ಬಗ್ಗುತ್ತಿಲ್ಲ. ಇದು ಸೋಗಾನೆ, ಶಿವಮೊಗ್ಗ ವಿಮಾನ ನಿಲ್ದಾಣದ ಹೊರಗಿನ ರಸ್ತೆ. ಈ ಕೈ ನನ್ನ ಅತ್ತೆ ಮಗನದು. ಎಟಿಆರ್ ಅನ್ನೋ ಪ್ರೊಪೆಲ್ಲರ್ ವಿಮಾನದ ಕೋ-ಪೈಲಟ್. ಮುಖ ತೋರಿಸಬೇಡ ಭಾವ ಅಂದಿದ್ದಾನೆ.

ವಿಮಾನ ಬರುವಷ್ಟರಲ್ಲಿ ಆಟೋ ವಿಷಯ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಸೋಗಾನೆ ಅಂದಾಗ ಒಂದು ರೇಟು. ದಾರಿಯಲ್ಲಿ ಟ್ರೈಪಾಡ್ ಕಣ್ಣಿಗೆ ಬಿತ್ತು ನೋಡಿ, 'ಏರ್‌ಪೋರ್ಟ್ ಅಂತ ಮೊದಲೇ ಹೇಳಬೇಕಿತ್ತು ಸಾರ್' ಅಂತ ನೂರು ರೂಪಾಯಿ ಏರಿತು. ಊರು ಅದೇ, ರಸ್ತೆ ಅದೇ! ಹೋಗಲಿ ಅಂತ ಒಪ್ಪಿದೆ. ಇಳಿದ ಮೇಲೆ ವಾಪಸ್ ಖಾಲಿ ಹೋಗಬೇಕು ಅಂತ ಇನ್ನೂ ಐವತ್ತು. ಇವನು ಪಕ್ಕದಲ್ಲಿ ನಗುತ್ತಾ ನಿಂತಿದ್ದ, ಪರ್ಸ್ ಮಾತ್ರ ತೆಗೆಯಲಿಲ್ಲ.

ಬಂತು, ಬಂತು! ಮೂತಿ ನೋಡಿ, ರನ್‌ವೇ ಕಡೆ ಇಲ್ಲವೇ ಇಲ್ಲ. ತುಂಬಿದ ಹೊಳೆ ದಾಟುವ ದೋಣಿಯವನು ಮೂತಿಯನ್ನು ಸೆಳವಿಗೆ ಎದುರಾಗಿ ತಿರುಗಿಸಿಕೊಂಡೇ ಹುಟ್ಟು ಹಾಕುತ್ತಾನಲ್ಲ, ಹಾಗೇ ಇದು ಗಾಳಿ ಕಡೆ ತಿರುಗಿಕೊಂಡಿದೆ. ಇದಕ್ಕೆ ಕ್ರ್ಯಾಬ್ ಅಂತಾರೆ. ನೆಲ ಮುಟ್ಟುವ ಮುಂಚೆ ಕಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿ, ಒತ್ತಿ ಮೂತಿ ನೇರ ಮಾಡಬೇಕು. ಆಗ ಗಾಳಿ ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೆ ಗಾಳಿ ಬರುವ ಕಡೆಯ ರೆಕ್ಕೆ ಸ್ವಲ್ಪ ತಗ್ಗಿಸಬೇಕು. ಆ ಕಡೆಯ ಚಕ್ರವೇ ಮೊದಲು ಕೂರುತ್ತದೆ.

ಹಾಗಾದರೆ ಮೊದಲಿಂದಲೂ ವಾಲಿಸಿಕೊಂಡೇ ಬರಬಹುದಲ್ವಾ? ಚಿಕ್ಕ ವಿಮಾನದಲ್ಲಿ ಹಾಗೇ ಮಾಡುತ್ತಾರಂತೆ. ದೊಡ್ಡ ಜೆಟ್‌ಗಳಲ್ಲಿ ಎಂಜಿನ್ ರೆಕ್ಕೆ ಕೆಳಗೆ ನೇತಾಡುತ್ತಿರುತ್ತದೆ, ಜಾಸ್ತಿ ವಾಲಿದರೆ ಅದೇ ನೆಲಕ್ಕೆ ಉಜ್ಜುತ್ತದೆ.

ಗಾಳಿಯೆಲ್ಲ ಅಡ್ಡಗಾಳಿಯಲ್ಲ. 20 ನಾಟ್ (ನಾಟ್ ಅಂದರೆ ಗಾಳಿಯ ವೇಗದ ಅಳತೆ) ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಲ್ಲಿ ಬೀಸಿದರೆ ಅಡ್ಡಕ್ಕೆ ತಳ್ಳುವುದು 10 ನಾಟ್ ಮಾತ್ರ. 90 ಡಿಗ್ರಿಗೆ ಬಂದರೆ ಪೂರ್ತಿ 20. ಇದನ್ನೆಲ್ಲ ಸಿಮ್ಯುಲೇಟರಿನಲ್ಲಿ ಕೂರಿಸಿ ಬೆವರಿಳಿಸುತ್ತಾರೆ. ಇವನಿಗೆ ಕಷ್ಟವಾಗಿದ್ದು ಕಾಲಿನ ಕೆಲಸವಂತೆ. ರಡ್ಡರ್ ಬೇಗ ಒತ್ತಿದರೆ ಪಕ್ಕಕ್ಕೆ ಜಾರುತ್ತದೆ, ತಡವಾದರೆ ಟೈರು ಓರೆಯಾಗಿ ನೆಲಕ್ಕೆ ಬಡಿಯುತ್ತದೆ. ಸರಿಯಾಗಲಿಲ್ಲವೋ, ಗೋ ಅರೌಂಡ್. ಮತ್ತೆ ಮೇಲೆ.

ದಡ್ ಅಂತ ಇಳಿಸುವವನು ಕೆಟ್ಟ ಪೈಲಟ್ ಅಂತ ನಾನು ಬೈಯುತ್ತಿದ್ದೆ. ಈಗ ಬೈಯಲ್ಲ. ಒದ್ದೆ ರನ್‌ವೇ ಮೇಲೆ ಸುಮ್ನೆ ತೇಲಿಸಿಕೊಂಡು ಹೋಗುವುದಕ್ಕಿಂತ ಗಟ್ಟಿಯಾಗಿ ಕೂರಿಸುವುದೇ ಒಳ್ಳೆಯದು. ಆದರೂ ನಾನು ಒಳಗಿದ್ದರೆ ಮೆಲ್ಲಗೇ ಇಳಿಸಲಿ!

ಟರ್ಮಿನಲ್ ಕಮಲದ ಆಕಾರ, ಇಲ್ಲಿಂದ ಒಂದು ದಳವೂ ನೆಟ್ಟಗೆ ಕಾಣಲ್ಲ... ಅಯ್ಯೋ, ಇಳಿದೇಬಿಟ್ಟಿತು! ಚಕ್ರದಲ್ಲಿ ಹೊಗೆ ನೋಡಿ, ಎಡಗಡೆ ಮೊದಲು. ಕೈಯಲ್ಲಿರುವ ಸ್ಟೀರಿಂಗನ್ನು ಇನ್ನೂ ಗಾಳಿ ಕಡೆಗೇ ತಿರುಗಿಸಿ ಹಿಡಿದಿರುತ್ತಾರಂತೆ, ವೇಗ ಪೂರ್ತಿ ಇಳಿಯುವವರೆಗೂ.