85 ಕಿಲೋಮೀಟರ್ ನಡೆದು ಬಂದ ಹುಡುಗ ಮೇಷ್ಟ್ರಾದದ್ದು ಹೇಗೆ?

[ದೃಶ್ಯ: ನಮ್ಮ ಮೆಟ್ರೋ ಹಸಿರು ಮಾರ್ಗ. ನ್ಯಾಷನಲ್ ಕಾಲೇಜು ನಿಲ್ದಾಣದ ನಾಮಫಲಕ. ಕೆಳಗೆ ಬಸವನಗುಡಿಯ ರಸ್ತೆ, ಮೇಲ್ಸೇತುವೆ.]

ನಿರೂಪಣೆ:
ನಮಸ್ಕಾರ. ಜಯನಗರದ ಕಡೆಯಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಹೋಗುವವರಿಗೆ ಈ ನಿಲ್ದಾಣ ಚೆನ್ನಾಗಿ ಗೊತ್ತು. ಇದನ್ನು ದಾಟಿದ ಮೇಲೆ ರೈಲು ನೆಲದೊಳಕ್ಕೆ ಇಳಿಯುತ್ತದೆ. ನಿಲ್ದಾಣಕ್ಕೆ ಹೆಸರು ಕೊಟ್ಟ ಕಾಲೇಜು ಪಕ್ಕದಲ್ಲೇ ಇದೆ. ಆ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರೊಬ್ಬರು ದಶಕಗಳ ಕಾಲ ವಾಸವಾಗಿದ್ದರು. ಪ್ರಾಂಶುಪಾಲರಾದಾಗಲೂ ಅಲ್ಲೇ, ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅಲ್ಲೇ. ಅವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರಿಗರ ಬಾಯಲ್ಲಿ ಎಚ್ಚೆನ್.

ಎಚ್ಚೆನ್ ಎಂದರೆ ಬಹಳ ಜನಕ್ಕೆ ನೆನಪಾಗುವುದು ಪವಾಡಗಳನ್ನು ಪ್ರಶ್ನಿಸಿದ ವಿಚಾರವಾದಿ. 1976ರಲ್ಲಿ, ಕುಲಪತಿಯಾಗಿದ್ದಾಗ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿ ದೇಶದ ಗಮನ ಸೆಳೆದವರು. ಆ ಕಥೆಯನ್ನು ಬಹಳ ಜನ ಹೇಳಿದ್ದಾರೆ. ಇವತ್ತು ನಾವು ನೋಡುವುದು ಅದಕ್ಕಿಂತ ಹಿಂದಿನದು: ಹೈಸ್ಕೂಲೇ ಇಲ್ಲದ ಹಳ್ಳಿಯ ಬಡ ಹುಡುಗನೊಬ್ಬ ಮೇಷ್ಟ್ರ ಕುರ್ಚಿಯವರೆಗೆ ಹೇಗೆ ಬಂದ, ಆ ದಾರಿಯಲ್ಲಿ ಅವನ ಕೈ ಹಿಡಿದದ್ದು ಏನು.

[ದೃಶ್ಯ: ನಕ್ಷೆ. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕ, ಬೆಂಗಳೂರು. ಒಂದು ಗೆರೆ ನಿಧಾನವಾಗಿ ಕೆಳಗಿಳಿಯುತ್ತದೆ.]

ನಿರೂಪಣೆ:
ಹುಟ್ಟಿದ್ದು 1920ರ ಜೂನ್ 6ರಂದು, ಹೊಸೂರಿನಲ್ಲಿ. ಇದು ತಮಿಳುನಾಡಿನ ಹೊಸೂರಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರು. ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಮನೆಯಲ್ಲಿ ಕಡು ಬಡತನ. ಊರಿನ ಸರ್ಕಾರಿ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದು ಸಾಗಿತು. ಮುಂದಕ್ಕೆ ಶಾಲೆ ಇರಲಿಲ್ಲ.

ಇಂತಹ ಕಡೆ ಸಾವಿರಾರು ಮಕ್ಕಳ ಓದು ನಿಂತಿದೆ. ಇವನದೂ ನಿಲ್ಲಬೇಕಿತ್ತು. ನಿಲ್ಲದಂತೆ ಮಾಡಿದವರು ಹಳ್ಳಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ.ಎಸ್. ನಾರಾಯಣರಾವ್. ಬೆಂಗಳೂರಿಗೆ ಹೋಗಿ ಓದು ಎಂದು ಹುಡುಗನಿಗೆ ದಾರಿ ತೋರಿಸಿದವರು ಅವರೇ. ಎಚ್ಚೆನ್ ಅವರ ಬದುಕಿನ ಬಗ್ಗೆ ಮಾತನಾಡುವಾಗ ಈ ಒಬ್ಬ ಮೇಷ್ಟ್ರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ತನ್ನ ಶಾಲೆ ಬಿಟ್ಟ ಹುಡುಗನ ಮುಂದಿನ ವರ್ಷದ ಬಗ್ಗೆ ಯೋಚಿಸುವುದು ಯಾವ ಮೇಷ್ಟ್ರ ಸಂಬಳದ ಲೆಕ್ಕದಲ್ಲೂ ಬರುವುದಿಲ್ಲ.

1935. ಗೌರಿಬಿದನೂರಿನ ಮೇಲೆ ಬೆಂಗಳೂರಿಗೆ ರೈಲು ಓಡಲು ಶುರುವಾಗಿ ಆಗಲೇ ದಶಕಗಳಾಗಿದ್ದವು. ಆದರೆ ಈ ಹುಡುಗನ ಕೈಯಲ್ಲಿ ಟಿಕೆಟಿಗೆ ಕಾಸಿರಲಿಲ್ಲ. ಹೀಗಾಗಿ ನಡೆದ. 53 ಮೈಲಿ, ಅಂದರೆ ಸುಮಾರು 85 ಕಿಲೋಮೀಟರ್. ಎರಡು ದಿನ. ಇವತ್ತು ಆ ಕಡೆಯಿಂದ ಬಸ್ಸಿನಲ್ಲಿ ಬಂದರೂ ಯಲಹಂಕ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಹದಿನೈದು ವರ್ಷದ ಹುಡುಗ ಅಷ್ಟು ದೂರ ಕಾಲ್ನಡಿಗೆಯಲ್ಲಿ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದ.

[ದೃಶ್ಯ: ನ್ಯಾಷನಲ್ ಹೈಸ್ಕೂಲಿನ ಹಳೆಯ ಕಟ್ಟಡ. ನಂತರ ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ.]

ನಿರೂಪಣೆ:
ಇಲ್ಲಿ ಸ್ವಲ್ಪ ನಿಲ್ಲೋಣ. ಎಚ್ಚೆನ್ ಕಥೆ ಹೇಳುವವರೆಲ್ಲ ಆ ನಡಿಗೆಯನ್ನು ಹೇಳುತ್ತಾರೆ, ಹೇಳಲೇಬೇಕು. ಆದರೆ ನಡೆದು ಬಂದ ದಿನ ರಾತ್ರಿ ಊಟ ಎಲ್ಲಿ? ಮರುದಿನ? ಮುಂದಿನ ತಿಂಗಳು? ಛಲ ಎಷ್ಟಿದ್ದರೂ ಹಸಿದ ಹೊಟ್ಟೆಯಲ್ಲಿ ರೇಖಾಗಣಿತ ತಲೆಗೆ ಹತ್ತುವುದಿಲ್ಲ.

ಆ ಕಾಲದ ಬೆಂಗಳೂರಿನಲ್ಲಿ ಪರಸ್ಥಳದ ಹುಡುಗರಿಗೆ ಇದ್ದ ಒಂದು ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ವಾರವಿಡೀ ಹೊಂದಿಸಿಕೊಳ್ಳಬೇಕು. ಯಾವುದೋ ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಅದೂ ಎಲ್ಲರಿಗೂ ಸಿಗುತ್ತಿರಲಿಲ್ಲ, ಜಾತಿ ನೋಡಿ ಎಲೆ ಹಾಕುವ ಮನೆಗಳೇ ಹೆಚ್ಚು. ಇದನ್ನು ಮುಚ್ಚಿಡಬೇಕಾಗಿಲ್ಲ. ಹೀಗಾಗಿಯೇ ಒಂದೊಂದು ಸಮುದಾಯದ ಹಿರಿಯರು, ದಾನಿಗಳು ತಮ್ಮ ಹುಡುಗರಿಗಾಗಿ ಹಾಸ್ಟೆಲು ಕಟ್ಟಲು ಹೊರಟರು. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು 1903ರಲ್ಲಿ ಛತ್ರ ಕಟ್ಟಿಸಿದರು. ಅವರ ದಾನದ ಫಲವಾಗಿ ವಿದ್ಯಾರ್ಥಿನಿಲಯವೂ ನಡೆಯಿತು. 1906ರಲ್ಲಿ ಶುರುವಾದ ಒಕ್ಕಲಿಗರ ಸಂಘವೂ ಹಾಸ್ಟೆಲ್ ನಡೆಸಿತು. ಬೆಂಗಳೂರಿನಲ್ಲಿ ಓದಿ ಹೆಸರು ಮಾಡಿದ ಹಳ್ಳಿಯ ಹುಡುಗರ ಪಟ್ಟಿ ಹಿಡಿದು ಕೂತರೆ, ಬಹುತೇಕ ಪ್ರತಿ ಹೆಸರಿನ ಹಿಂದೆಯೂ ಇಂತಹ ಒಂದು ಅನ್ನದ ಮನೆ ಸಿಗುತ್ತದೆ.

ನರಸಿಂಹಯ್ಯನವರಿಗೂ ಸಿಕ್ಕಿತು. ಬಡ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ಉಚಿತ ನಿಲಯದಲ್ಲಿದ್ದು ಓದಿದರು. ಅವರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಪುಸ್ತಕ, ಪಾಠ, ಪರೀಕ್ಷೆ ಎಲ್ಲ ಆಮೇಲೆ. ಮಲಗಲು ಒಂದು ಜಾಗ ಮತ್ತು ಎರಡು ಹೊತ್ತಿನ ಊಟ ಸಹ ಶಿಕ್ಷಣದ ಭಾಗ.

[ದೃಶ್ಯ: 1936 ಎಂಬ ಅಂಕಿ. ನಂದಿ ಬೆಟ್ಟದ ಚಿತ್ರ.]

ನಿರೂಪಣೆ:
ಸೇರಿದ ಮರುವರ್ಷ, 1936ರಲ್ಲಿ, ಗಾಂಧೀಜಿ ವಿಶ್ರಾಂತಿಗೆಂದು ನಂದಿ ಬೆಟ್ಟದಲ್ಲಿದ್ದರು. ಅದೇ ವರ್ಷ ಅವರು ನ್ಯಾಷನಲ್ ಹೈಸ್ಕೂಲಿಗೂ ಬಂದರು. ಅವರ ಹಿಂದಿ ಭಾಷಣವನ್ನು ಅಲ್ಲೇ ನಿಂತು ಕನ್ನಡಕ್ಕೆ ಹೇಳಿದ್ದು ಹೊಸೂರಿನಿಂದ ಬಂದ ಈ ವಿದ್ಯಾರ್ಥಿ. ಅಂತಹ ಕೆಲಸವನ್ನು ಹೊಸದಾಗಿ ಸೇರಿದ ಹಳ್ಳಿಯ ಹುಡುಗನಿಗೆ ಒಪ್ಪಿಸಿದ ಶಾಲೆಯ ಧೈರ್ಯವನ್ನೂ ನೋಡಿ. ಖಾದಿ ಆಮೇಲೆ ಅವರ ಮೈಬಿಟ್ಟು ಹೋಗಲಿಲ್ಲ.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಓದು ಬಿಟ್ಟು ಬೀದಿಗಿಳಿದರು. ಬೆಂಗಳೂರು, ಮೈಸೂರು, ಯರವಡ ಜೈಲುಗಳನ್ನು ಕಂಡರು. ಬೆಂಗಳೂರಿನ ಆ ಸೆಂಟ್ರಲ್ ಜೈಲು ಇದ್ದ ಜಾಗ ಇಂದಿನ ಫ್ರೀಡಂ ಪಾರ್ಕ್. ಸೆಂಟ್ರಲ್ ಕಾಲೇಜಿನಿಂದ ನಡೆದೇ ಹೋಗಬಹುದು. ಬಿಡುಗಡೆಯ ನಂತರ ಮತ್ತೆ ಕಾಲೇಜಿಗೆ ಬಂದು ಎಂ.ಎಸ್ಸಿ. ಮುಗಿಸಿದರು. ಜೈಲಿಗೆ ಹೋಗಿ ಬಂದವನು, ಮನೆ ಕಡೆ ಬಡತನ, ವಯಸ್ಸು ಇಪ್ಪತ್ತಾರು. ಎಲ್ಲಾದರೂ ಒಳ್ಳೆಯ ಸರ್ಕಾರಿ ನೌಕರಿ ಹಿಡಿಯಪ್ಪಾ ಎಂದು ಯಾರು ಹೇಳಿದ್ದರೂ ತಪ್ಪಾಗುತ್ತಿರಲಿಲ್ಲ. ಅವರು ಹೋಗಿದ್ದು ತಾವು ಓದಿದ ಬಸವನಗುಡಿಗೇ. ನ್ಯಾಷನಲ್ ಕಾಲೇಜು 1945ರಲ್ಲಿ ಆರಂಭವಾಗಿತ್ತು. 1946ರಲ್ಲಿ ಅಲ್ಲಿ ಉಪನ್ಯಾಸಕರಾಗಿ ಸೇರಿದರು.

[ದೃಶ್ಯ: ಹಾಸ್ಟೆಲ್ ಕೋಣೆಯ ಮರುಸೃಷ್ಟಿ. ಒಂದು ಮಂಚ, ಪುಸ್ತಕಗಳು, ಗೂಟಕ್ಕೆ ನೇತುಹಾಕಿದ ಜುಬ್ಬ, ಗಾಂಧಿ ಟೋಪಿ.]

ನಿರೂಪಣೆ:
ನಂತರದ್ದನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಅಲ್ಲೇ ಉಳಿಯಲಿಲ್ಲ. 1961ರಲ್ಲಿ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಿಜ್ಞಾನಿಗಳು ಬಂದು ಸಾರ್ವಜನಿಕರಿಗೆ ವಾರವಾರ ಉಪನ್ಯಾಸ ಕೊಡುವ ವೇದಿಕೆ ಅದು. ಚೀಟಿ ಬೇಡ, ಪದವಿ ಬೇಡ, ಬಂದು ಕೂತು ಕೇಳಿದರಾಯಿತು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ತಾವು ಓದಿದ ಸೆಂಟ್ರಲ್ ಕಾಲೇಜು ಆಗ ಅದೇ ವಿಶ್ವವಿದ್ಯಾಲಯದ ಭಾಗವಾಗಿತ್ತು. 1984ರಲ್ಲಿ ಪದ್ಮಭೂಷಣ.

ಇಷ್ಟಾದರೂ ಹಾಸ್ಟೆಲ್ ಕೋಣೆ ಬಿಡಲಿಲ್ಲ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಇದನ್ನು ಸರಳತೆ ಎಂದು ಹೊಗಳಿ ಕೈಮುಗಿಯುವುದು ಸುಲಭ. ಅದರ ಪರಿಣಾಮವನ್ನೂ ಗಮನಿಸಿ. ಪ್ರಾಂಶುಪಾಲರು ವಿದ್ಯಾರ್ಥಿಗಳ ಪಕ್ಕದ ಕೋಣೆಯಲ್ಲಿದ್ದರೆ, ಹಳ್ಳಿಯಿಂದ ಬಂದ ಹುಡುಗನಿಗೆ ಅವರನ್ನು ನೋಡಲು ಅಪಾಯಿಂಟ್‌ಮೆಂಟ್ ಬೇಕಾಗುವುದಿಲ್ಲ, ಜವಾನನ ಮುಂದೆ ಕೈಕಟ್ಟಿ ನಿಲ್ಲಬೇಕಾಗುವುದಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಿಕೊಳ್ಳಬೇಡಿ ಎಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ಆ ಮಾತು ಹೇಳುವವನು ಕೈಗೆ ಸಿಗುವ ದೂರದಲ್ಲಿ ಇರಬೇಕು, ಆಗಲೇ ಮಕ್ಕಳು ಬಾಯಿಬಿಡುತ್ತಾರೆ.

[ದೃಶ್ಯ: ಅದೇ ನಕ್ಷೆ. ಈಗ ಬೆಂಗಳೂರಿನಿಂದ ಮೇಲಕ್ಕೆ ಗೌರಿಬಿದನೂರು ಮತ್ತು ಬಾಗೇಪಲ್ಲಿಗೆ ಎರಡು ಗೆರೆ.]

ನಿರೂಪಣೆ:
ನ್ಯಾಷನಲ್ ಶಿಕ್ಷಣ ಸಂಸ್ಥೆಯ ಹೊಣೆ ಹೊತ್ತ ಮೇಲೆ ಅವರ ಕಣ್ಣು ತಮ್ಮ ಸೀಮೆಯ ಕಡೆಗೂ ಹೋಯಿತು. ಗೌರಿಬಿದನೂರಿನಲ್ಲಿ, ಆಂಧ್ರದ ಗಡಿಯ ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳಾದವು. ಓದಿಗಾಗಿ ಎರಡು ದಿನ ನಡೆಯಬೇಕಾದ ಅಗತ್ಯ ಆ ಭಾಗದ ಮಕ್ಕಳಿಗೆ ತಪ್ಪಿತು. ಎಚ್ಚೆನ್ 2005ರ ಜನವರಿ 31ರಂದು ತೀರಿಕೊಂಡರು.

[ದೃಶ್ಯ: ನಿರೂಪಕರು ಕ್ಯಾಮೆರಾ ಮುಂದೆ.]

ನಿರೂಪಣೆ:
ಈಗ ಈ ವಿಡಿಯೋ ನೋಡುತ್ತಿರುವ ವಿದ್ಯಾರ್ಥಿಗಳಿಗೆ ಮತ್ತು ಮೇಷ್ಟ್ರುಗಳಿಗೆ ಒಂದು ಮಾತು. ಕಾಲೇಜು ಸೀಟು ಸಿಕ್ಕಿಯೂ ಉಳಿಯಲು ಜಾಗವಿಲ್ಲದೆ ಊರಿಗೆ ವಾಪಸಾಗುವ ಮಕ್ಕಳು ಇವತ್ತೂ ಇದ್ದಾರೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ಬೆಂಗಳೂರಿನಲ್ಲಿವೆ. ಹಾಸ್ಟೆಲ್ ಸಿಗದವರಿಗೆ ಊಟ ಮತ್ತು ವಸತಿಗಾಗಿ ವಿದ್ಯಾಸಿರಿ ಯೋಜನೆಯಡಿ ಸಹಾಯಧನವಿದೆ. ತಿಂಗಳಿಗೆ 1,500 ರೂಪಾಯಿಯಂತೆ ಶುರುವಾದ ಯೋಜನೆ ಅದು. ಆ ಹಣದಲ್ಲಿ ಈ ನಗರದಲ್ಲಿ ಪಿ.ಜಿ. ಸಿಗುವುದಿಲ್ಲ, ಮೊತ್ತ ಬೆಲೆಗಳ ಜೊತೆಗೆ ಏರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಿದ್ದರೂ ಅರ್ಜಿ ಹಾಕದೆ ಬಿಡಬೇಡಿ.

ಮಕ್ಕಳು ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್.ಡಿ. ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ, ಅರ್ಜಿ ತುಂಬುವಾಗ ಅದನ್ನೇ ಕೇಳುತ್ತಾರೆ. ಪ್ರಮಾಣಪತ್ರದಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಅಂಕಪಟ್ಟಿಯಲ್ಲಿರುವ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಇಲ್ಲದಿದ್ದರೆ ಮಂಜೂರಾದ ಹಣವೂ ಖಾತೆಗೆ ಬರುವುದಿಲ್ಲ. ಹಳ್ಳಿ ಶಾಲೆಗಳ ಮೇಷ್ಟ್ರುಗಳೇ, ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮೊದಲೇ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಈ ಮೂರು ಕಾಗದಗಳನ್ನು ಒಮ್ಮೆ ತಾಳೆ ನೋಡಿ. ತಿದ್ದುಪಡಿಗೆ ನಾಡಕಚೇರಿಯಲ್ಲಿ ದಿನ ಹಿಡಿಯುತ್ತದೆ, ಕೊನೆಯ ದಿನಾಂಕ ಯಾರಿಗಾಗಿಯೂ ಕಾಯುವುದಿಲ್ಲ.