ಬೆಟ್ಟದ ಗಾಳಿ, ಬಟ್ಟೆಯ ರೆಕ್ಕೆ

ಕೇಳುಗರಿಗೆ ನಮಸ್ಕಾರ.

ನಂದಿಬೆಟ್ಟ, ದೇವರಾಯನದುರ್ಗ, ಅಂತರಗಂಗೆ, ಮಧುಗಿರಿ. ಚಿಕ್ಕಬಳ್ಳಾಪುರ, ತುಮಕೂರು, ಕೋಲಾರದ ಕಡೆ ಮಳೆಗೆ ಬರ ಬಂದೀತು, ಬೆಟ್ಟಕ್ಕೆ ಬರವಿಲ್ಲ. ಬೆಟ್ಟ ಇದ್ದಲ್ಲಿ ಈಗ ಪ್ಯಾರಾಗ್ಲೈಡಿಂಗ್ ಮಾತೂ ಬರುತ್ತದೆ. ಹಾರಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ದುಡ್ಡು, ಎಷ್ಟು ಹೊತ್ತು. ಗಾಳಿಯ ವಿಚಾರ ಕೇಳುವವರು ಕಡಿಮೆ. ಆದರೆ ಆ ದಿನ ಹಾರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಗಾಳಿಯೇ.

ಪ್ಯಾರಾಗ್ಲೈಡರ್ ಎಂದರೆ ಬರೀ ಬಟ್ಟೆ ಮತ್ತು ದಾರ. ಎಂಜಿನ್ ಇಲ್ಲ, ಗಟ್ಟಿಯಾದ ಚೌಕಟ್ಟೂ ಇಲ್ಲ. ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಾಯಿಗಳಿರುತ್ತವೆ. ಅವುಗಳಿಂದ ಒಳಗೆ ನುಗ್ಗಿದ ಗಾಳಿಯ ಒತ್ತಡದಿಂದಲೇ ಬಟ್ಟೆ ರೆಕ್ಕೆಯ ಆಕಾರಕ್ಕೆ ಬರುತ್ತದೆ. ಡೊಮಿನಾ ಜಾಲ್ಬರ್ಟ್ 1960ರ ದಶಕದಲ್ಲಿ ಕಂಡುಹಿಡಿದ ಈ ವಿನ್ಯಾಸದ ಪ್ಯಾರಾಚೂಟನ್ನು ಕಟ್ಟಿಕೊಂಡು, 1978ರಲ್ಲಿ ಫ್ರಾನ್ಸಿನ ಮ್ಯೂಸಿ ಎಂಬಲ್ಲಿ ವಿಮಾನದಿಂದ ಧುಮುಕುತ್ತಿದ್ದ ಕೆಲವರು ಆ ವಿಮಾನದ ಖರ್ಚು ಉಳಿಸಲು ಗುಡ್ಡದ ಇಳಿಜಾರಿನಿಂದ ಓಡಿ ಹಾರಿದರು. ಇವತ್ತಿನ ಪ್ಯಾರಾಗ್ಲೈಡಿಂಗ್ ಬೆಳೆದದ್ದು ಅಲ್ಲಿಂದ.

ಸಾಧಾರಣ ರೆಕ್ಕೆ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಮೀಟರ್ ಮುಂದೆ ಹೋಗುತ್ತದೆ. ಬಯಲಿಗಿಂತ 300 ಮೀಟರ್ ಎತ್ತರದ ಗುಡ್ಡದಿಂದ ಹೊರಟರೆ, ಏರುಗಾಳಿಯ ನೆರವಿಲ್ಲದೆ ನಾಲ್ಕೈದು ನಿಮಿಷಕ್ಕೆ ನೆಲ ಸಿಗುತ್ತದೆ. ಅರ್ಧ ಗಂಟೆ ಹಾರಿಸುತ್ತೇವೆ ಎಂದು ಯಾರಾದರೂ ಮೊದಲೇ ಖಾತ್ರಿ ಕೊಟ್ಟರೆ ಸ್ವಲ್ಪ ಅನುಮಾನಪಡಿ.

ಹಾರುವುದು ಯಾವಾಗಲೂ ಎದುರುಗಾಳಿಗೆ. ಗಂಟೆಗೆ 10ರಿಂದ 20 ಕಿಲೋಮೀಟರ್‌ನ ಸಮನಾದ ಗಾಳಿ ಗುಡ್ಡದ ಮುಖಕ್ಕೆ ನೇರವಾಗಿ ಬೀಸುತ್ತಿದ್ದರೆ ಒಳ್ಳೆಯದು. ಗಾಳಿ ಬೆಟ್ಟದ ನೆತ್ತಿಯನ್ನು ದಾಟುವಾಗ ಒತ್ತಿಕೊಂಡು ಇನ್ನಷ್ಟು ವೇಗ ಪಡೆಯುತ್ತದೆ. ದಾಟಿದ ಮೇಲೆ ಬೆನ್ನ ಕಡೆ ಸುಳಿಸುಳಿಯಾಗಿ ಮಗುಚುತ್ತದೆ. ಇದಕ್ಕೆ ರೋಟರ್ ಎನ್ನುತ್ತಾರೆ. ರೆಕ್ಕೆಯ ವೇಗ 36, ನೆತ್ತಿಯ ಗಾಳಿಯ ವೇಗ 40 ಇದ್ದರೆ ಮುಂದೆ ಹೋಗುವುದಿರಲಿ, ಹಾರಿದವರು ಹಿಂದಕ್ಕೆ ಸರಿಯುತ್ತಾ ಆ ಸುಳಿಯೊಳಗೇ ಬೀಳುತ್ತಾರೆ. ಅಲ್ಲಿ ರೆಕ್ಕೆ ಮಡಚಿಕೊಂಡರೆ ಬಿಡಿಸಿಕೊಳ್ಳುವಷ್ಟು ಎತ್ತರ ಉಳಿದಿರುವುದಿಲ್ಲ. ನಮ್ಮಲ್ಲಿ ಆಷಾಢಮಾಸ ಗಾಳಿಪಟಕ್ಕೆ ಹೇಳಿ ಮಾಡಿಸಿದ ಕಾಲ. ಪ್ಯಾರಾಗ್ಲೈಡರ್‌ಗೆ ಅದೇ ಕೆಟ್ಟ ಕಾಲ.

ಮಾಗಿಯ ಬೆಳಗಿನಲ್ಲಿ ಗಾಳಿ ಮೆತ್ತಗಿರುತ್ತದೆ, ಆದರೆ ಮಂಜು ಕವಿದಿರುತ್ತದೆ. ಇಳಿಯುವ ಜಾಗ ಕಣ್ಣಿಗೆ ಕಾಣುವ ತನಕ ಕಾಯಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೇರೆ ಲೆಕ್ಕ. ಬೋಳು ಬಂಡೆ ಕಾದು ಥರ್ಮಲ್ ಏಳುತ್ತದೆ, ಅಂದರೆ ಬಿಸಿಗಾಳಿಯ ಕಂಬ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದು ಇದರೊಳಗೆ. ನುರಿತ ಪೈಲಟ್ ಒಬ್ಬನೇ ಇದ್ದಾಗ ಇದನ್ನು ಹಿಡಿದು ಗಂಟೆಗಟ್ಟಲೆ ಹಾರಬಲ್ಲ. ಆದರೆ ಏರುವ ಗಾಳಿಯ ಪಕ್ಕದಲ್ಲೇ ಇಳಿಯುವ ಗಾಳಿಯೂ ಇರುತ್ತದೆ. ಆ ಅಂಚಿನಲ್ಲಿ ರೆಕ್ಕೆಯ ಒಂದು ಬದಿ ಕುಸಿಯಬಹುದು. ಆಗ ಪೈಲಟ್ ತೆರೆದಿರುವ ಬದಿಗೆ ಮೈಭಾರ ವಾಲಿಸಿ, ಆ ಬದಿಯ ಬ್ರೇಕನ್ನು, ಅಂದರೆ ರೆಕ್ಕೆಯ ಹಿಂದಿನ ಅಂಚನ್ನು ಕೆಳಕ್ಕೆ ಬಾಗಿಸುವ ದಾರವನ್ನು, ಬೇಕಾದಷ್ಟೇ ಎಳೆದು ದಿಕ್ಕು ಕಾಯ್ದುಕೊಳ್ಳಬೇಕು. ಗಾಬರಿಯಲ್ಲಿ ಹೆಚ್ಚು ಎಳೆದರೆ ನೆಟ್ಟಗಿದ್ದ ಬದಿಯೂ ಹಾರಾಟ ಕಳೆದುಕೊಳ್ಳುತ್ತದೆ. ಹೊಲದಲ್ಲಿ ದೂಳಿನ ಸುಂಟರಗಾಳಿ ಎದ್ದದ್ದು ಕಂಡರೆ ರೆಕ್ಕೆಯನ್ನು ನೆಲದ ಮೇಲೆ ಬಿಚ್ಚಿ ಹರಡುವುದೂ ಅಪಾಯ. ಮೊದಲ ಸಲ ಹಾರುವವರು ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹೋಗುವುದು ಮೇಲು.

ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. ನಮ್ಮ ನೆಲವೇ ಸಮುದ್ರಮಟ್ಟಕ್ಕಿಂತ 800, 900 ಮೀಟರ್ ಮೇಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳು, ಬಿಸಿಲು ಏರಿದರೆ ಇನ್ನೂ ತೆಳು. 900 ಮೀಟರ್ ಎತ್ತರದಲ್ಲಿ, 36 ಡಿಗ್ರಿ ಬಿಸಿಲಿನಲ್ಲಿ, ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಲೆಕ್ಕಕ್ಕಿಂತ ಸುಮಾರು ನೂರಕ್ಕೆ 16ರಷ್ಟು ಕಡಿಮೆ. ಅದೇ ಭಾರ ಹೊರಲು ರೆಕ್ಕೆ ನೂರಕ್ಕೆ 9ರಷ್ಟು ಹೆಚ್ಚು ವೇಗದಲ್ಲಿ ಹೋಗಬೇಕು. 36 ಇದ್ದದ್ದು 39 ಆಗುತ್ತದೆ. ಅಂದರೆ ಮೇಲೇರಲು ಹೆಚ್ಚು ಓಡಬೇಕು, ನೆಲಕ್ಕೂ ಹೆಚ್ಚು ವೇಗದಲ್ಲೇ ಬರುತ್ತೀರಿ. ಕಡಲತೀರದಲ್ಲಿ ಕಲಿತು ಬಂದವರು ಇಲ್ಲಿ ಮುಗ್ಗರಿಸುವುದಕ್ಕೆ ಇದೂ ಒಂದು ಕಾರಣ.

ಟ್ಯಾಂಡೆಮ್‌ನಲ್ಲಿ, ಅಂದರೆ ಪೈಲಟ್ ಹಿಂದೆ, ನೀವು ಮುಂದೆ ಕೂತು ಹಾರುವಾಗ, ನಿಮ್ಮ ಪಾಲಿನ ಕೆಲಸವೂ ಇದೆ. ತೂಕ ಮುಚ್ಚಿಡಬೇಡಿ. ಪ್ರತಿ ರೆಕ್ಕೆಗೂ ಕನಿಷ್ಠ ಮತ್ತು ಗರಿಷ್ಠ ಭಾರ ನಿಗದಿಯಾಗಿರುತ್ತದೆ; ಇಬ್ಬರ ತೂಕ, ಸಲಕರಣೆಯ ತೂಕ ಎಲ್ಲ ಸೇರಿ ಆ ಮಿತಿಯೊಳಗಿರಬೇಕು. ಭಾರ ತೀರಾ ಕಡಿಮೆಯಾದರೂ ರೆಕ್ಕೆ ಸಡಿಲವಾಗಿ ಬೇಗ ಮಡಚಿಕೊಳ್ಳುತ್ತದೆ. ಹಾರ್ನೆಸ್ಸಿನ, ಅಂದರೆ ಮೈಗೆ ಕಟ್ಟುವ ಪಟ್ಟಿಗಳಿರುವ ಆಸನದ, ತೊಡೆಪಟ್ಟಿ ಎರಡೂ, ಎದೆಪಟ್ಟಿ ಒಂದು, ಇವನ್ನು ನೀವೇ ಕೈಯಿಟ್ಟು ಎಳೆದು ನೋಡಿ. ತೊಡೆಪಟ್ಟಿ ಹಾಕದೆ ಹಾರಿ ಹಾರ್ನೆಸ್ಸಿನಿಂದ ಜಾರಿದ ಅಪಘಾತಗಳು ಈ ಕ್ರೀಡೆಯಲ್ಲಿ ನಡೆದಿವೆ, ಅನುಭವಿಗಳಿಗೂ ಆಗಿವೆ. ಹೆಲ್ಮೆಟ್ಟಿನ ಬಕಲ್, ಹಾರ್ನೆಸ್ಸನ್ನು ರೆಕ್ಕೆಗೆ ಸೇರಿಸುವ ಕ್ಯಾರಬೀನರ್ ಕೊಂಡಿಗಳ ಲಾಕ್ ಆಮೇಲೆ ನೋಡಿ. ತುರ್ತಿಗೆಂದು ಇಟ್ಟ ರಿಸರ್ವ್ ಪ್ಯಾರಾಚೂಟ್ ಎಲ್ಲಿದೆ, ಕೊನೆಯ ಸಲ ಬಿಚ್ಚಿ ಮಡಚಿದ್ದು ಯಾವಾಗ ಎಂದು ಕೇಳಿ. ವರ್ಷ ದಾಟಿದ್ದರೆ ಬೇಡ ಎನ್ನಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಓಟದ ವಿಷಯಕ್ಕೆ ಬಂದರೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡು ಹೆಜ್ಜೆ ಇಟ್ಟು, ಕಾಲು ಸ್ವಲ್ಪ ಹಗುರವಾದ ಕೂಡಲೇ ಕುಕ್ಕರಿಸಿಬಿಡುತ್ತಾರೆ. ರೆಕ್ಕೆಗೆ ಇನ್ನೂ ವೇಗ ಬಂದಿರುವುದಿಲ್ಲ. ಇಬ್ಬರ ಭಾರವೂ ಪೈಲಟ್ ಕಾಲಿನ ಮೇಲೆ ಬಿದ್ದು ಇಬ್ಬರೂ ಕಲ್ಲಿನ ಮೇಲೆ ಉಜ್ಜಿಕೊಂಡು ಹೋಗುತ್ತಾರೆ. ಕಾಲು ಗಾಳಿಯಲ್ಲಿ ತೇಲಿದರೂ ಪೈಲಟ್ ಹೇಳುವ ತನಕ ಓಡುತ್ತಲೇ ಇರಿ. ಸೆಲ್ಫಿ ಕೋಲು ಕೆಳಗೇ ಇರಲಿ, ಅದು ದಾರಗಳಿಗೆ ಸಿಕ್ಕಿಕೊಳ್ಳುತ್ತದೆ.

ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಬಯಲಿನಿಂದಲೇ ಏರುವ ಪ್ಯಾರಾಮೋಟಾರ್ ಬಗ್ಗೆ ಎರಡೇ ಮಾತು. ಅದು ಬಹುಮಟ್ಟಿಗೆ ಟು ಸ್ಟ್ರೋಕ್ ಎಂಜಿನ್, ಯಾವಾಗ ಬೇಕಾದರೂ ನಿಲ್ಲಬಹುದು. ಇಳಿಯಲು ಜಾಗ ಇಲ್ಲದ ಕಡೆ ಕಡಿಮೆ ಎತ್ತರದಲ್ಲಿ ಹಾರಬಾರದು. ಸ್ಟಾರ್ಟ್ ಮಾಡುವಾಗ ಪ್ರೊಪೆಲರ್‌ಗೆ ಕೈ ಸಿಕ್ಕಿ ಬೆರಳು ಹೋಗುವುದು ಅದರ ಮಾಮೂಲಿ ಅಪಘಾತ.

ಆಕಾಶದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವ ಸ್ಕೈಡೈವಿಂಗ್‌ಗೆ ವಿಮಾನ ಬೇಕು, ವಿಮಾನ ಸಂಚಾರ ನಿಯಂತ್ರಣದ ಅನುಮತಿ ಬೇಕು. ನಂದಿಯ ತಪ್ಪಲಿನಿಂದ ದೇವನಹಳ್ಳಿಯ ನಿಲ್ದಾಣ ಎಷ್ಟು ಹತ್ತಿರ ಎಂಬುದು ನಿಮಗೇ ಗೊತ್ತು. ಈ ಆಕಾಶ ಖಾಲಿಯಲ್ಲ. ಎಲ್ಲಿ ಧುಮುಕಿದರೂ ಮುಖ್ಯವಾದದ್ದು ಎತ್ತರದ ಲೆಕ್ಕ. 13,000 ಅಡಿಯಿಂದ ಜಿಗಿದು 5,000 ಅಡಿಯಲ್ಲಿ ಪ್ಯಾರಾಚೂಟ್ ತೆರೆಯುವುದಾದರೆ ಮಧ್ಯೆ ಸಿಗುವುದು ಸುಮಾರು 45ರಿಂದ 50 ಸೆಕೆಂಡು, ವೇಗ ಗಂಟೆಗೆ 190 ಕಿಲೋಮೀಟರ್ ಆಸುಪಾಸು. ಎತ್ತರ ತೋರಿಸುವ ಆಲ್ಟಿಮೀಟರನ್ನು ಇಳಿಯುವ ನೆಲದಲ್ಲಿ ಸೊನ್ನೆಗೆ ಹೊಂದಿಸಬೇಕು. ಚೆನ್ನೈಯಲ್ಲಿ ಸೊನ್ನೆ ಮಾಡಿಕೊಂಡು ಬಂದದ್ದು ಕೋಲಾರದ ಹೊಲದಲ್ಲಿ ನಿಂತಾಗಲೇ 2,700 ಅಡಿ ತೋರಿಸುತ್ತದೆ! ಧುಮುಕಿದವರು ಎಚ್ಚರ ತಪ್ಪಿದರೂ ರಿಸರ್ವ್ ಬಿಚ್ಚುವ ಸ್ವಯಂಚಾಲಿತ ಸಾಧನವೂ ಹಾಗೆಯೇ. ಅದು ಸಾಮಾನ್ಯವಾಗಿ 750 ಅಡಿಯಲ್ಲಿ ಕೆಲಸ ಮಾಡುತ್ತದೆ. ಕಡಲತೀರದ ಲೆಕ್ಕದ 750 ಅಡಿ ನಮ್ಮಲ್ಲಿ ಮಣ್ಣಿನೊಳಗಿದೆ.

ಕೊನೆಗೆ ಇಳಿಯುವ ಜಾಗ. ಕೊಯ್ಲಾದ ರಾಗಿ ಹೊಲ, ಒಣಗಿದ ಕೆರೆಯಂಗಳ ಚೆನ್ನ. ದ್ರಾಕ್ಷಿ ಚಪ್ಪರದ ಕಲ್ಲುಕಂಬ ಮತ್ತು ತಂತಿ, ಟೊಮೆಟೊ ಸಾಲಿನ ಕೋಲುಗಳು, ಪಾಲಿಹೌಸ್, ನೀಲಗಿರಿ ತೋಪು, ಇವೆಲ್ಲ ಕಂಟಕ. ಎಲ್ಲಕ್ಕಿಂತ ಕೆಟ್ಟದ್ದು ಕರೆಂಟ್ ತಂತಿ. ಮೇಲಿನಿಂದ ತಂತಿ ಕಾಣುವುದಿಲ್ಲ. ಕಂಬ ಹುಡುಕಿ ತಂತಿ ಊಹಿಸಬೇಕು.

ಬೆಟ್ಟದ ಬುಡದ ಊರಿನವರಿಗೆ ಒಂದು ಮಾತು. ಯಾರಾದರೂ ತಂತಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದರೆ ಓಡಿಹೋಗಿ ಹಿಡಿಯಬೇಡಿ, ಕೋಲಿನಿಂದಲೂ ಎಳೆಯಬೇಡಿ. ಕೆಳಗೆ ಜೋಲಾಡುವ ದಾರದಲ್ಲೂ ವಿದ್ಯುತ್ ಇರಬಹುದು. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ, ಆಫ್ ಆಯಿತೆಂದು ಅವರು ಹೇಳುವ ತನಕ ದೂರ ನಿಲ್ಲಿ. ನೆಲಕ್ಕೆ ಬಿದ್ದವರನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ. ಬೆನ್ನುಮೂಳೆ ಮುರಿದಿದ್ದರೆ ಆ ಒಂದು ಎಳೆತಕ್ಕೇ ಕಾಲು ಸ್ವಾಧೀನ ತಪ್ಪಬಹುದು. 108ಕ್ಕೆ ಕರೆ ಮಾಡಿ. ಅಷ್ಟರಲ್ಲಿ ಇಬ್ಬರು ಹೋಗಿ ಹರಡಿರುವ ಬಟ್ಟೆಯನ್ನು ಮುದುರಿ ಅದರ ಮೇಲೆ ಮಂಡಿಯೂರಿ ಕೂತುಕೊಳ್ಳಿ. ಇಲ್ಲದಿದ್ದರೆ ಗಾಳಿ ತುಂಬಿ ಗಾಯಾಳುವನ್ನು ಮತ್ತೆ ಎಳೆದೊಯ್ಯುತ್ತದೆ.