ಹಬ್ಬಕ್ಕೆ 20ನೇ ತಾರೀಖೇ ಹೋಗಿ

ಆಕಾಶವಾಣಿ ಹಾಸನದ ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರಿಸ್‌ಮಸ್ ಹೊತ್ತಿಗೆ ಕರಾವಳಿಯ ಮನೆಗಳಲ್ಲಿ ಮಾಡೋ ತಿಂಡಿಗಳ ಬಗ್ಗೆ ಮಾತಾಡಿ ಅಂತ ನನ್ನನ್ನ ಕರೆದಿದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ಗೃಹವಿಜ್ಞಾನ ಪಾಠ ಮಾಡಿದವಳು ನಾನು. ತಿಂಡಿ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸೋದೇ ಕಷ್ಟ. ಆದರೆ ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರೋದು ತಿಂಡಿಯ ವಿಷಯ ಅಲ್ಲ, ತಾರೀಖಿನ ವಿಷಯ. ಹಬ್ಬಕ್ಕೆ ಘಟ್ಟ ಇಳಿದು ಹೋಗೋರು 24ಕ್ಕೆ ಹೋಗಬೇಡಿ. 20ಕ್ಕೆ ಹೋಗಿ. ಇದನ್ನ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದರೂ ನನಗೆ ಸಂತೋಷವೇ.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕರಾವಳಿ ಮೂಲದ ಕೊಂಕಣಿ ಕ್ರೈಸ್ತರ ಮನೆಗಳು ಬೇಕಾದಷ್ಟಿವೆ. ಕಾಫಿ ತೋಟದ ಲೆಕ್ಕ ಬರೆಯೋ ರೈಟರ್ ಆಗಿ, ಮೇಸ್ತ್ರಿಯಾಗಿ, ಟೀಚರಾಗಿ ಹತ್ತಿ ಬಂದವರು ಇಲ್ಲೇ ಬೇರು ಬಿಟ್ಟರು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಗಿದ್ದು 1963ರಲ್ಲಿ, ಹಾಸನವೂ ಅದರೊಳಗೇ ಬರುತ್ತೆ. ಅಂದರೆ ನಮಗೆ ಇಲ್ಲೇ ಚರ್ಚಿದೆ, ಇಲ್ಲೇ ಮನೆಯಿದೆ. ಆದರೂ ಡಿಸೆಂಬರ್ ಬಂತು ಅಂದರೆ ಮನಸ್ಸು ಮಾತ್ರ ಕೆಳಗೇ. ಕೆಳಗೆ ಅಂದರೆ ಘಟ್ಟದ ಕೆಳಗೆ. ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

ನಮ್ಮಪ್ಪ ಸಕಲೇಶಪುರ ತಾಲ್ಲೂಕಿನ ಒಂದು ತೋಟದಲ್ಲಿ ರೈಟರ್. ಅಜ್ಜಿ ಮನೆ ಉಳ್ಳಾಲದ ಹತ್ತಿರ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚು. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಮುದ್ರದ ಮೊರೆತ ಕೇಳೋದು. ಅಜ್ಜಿಯನ್ನ ನಾವು ಮಾಂಯ್ ಅಂತ ಕರೀತಿದ್ದೆವು. ಕ್ರಿಸ್‌ಮಸ್ಸಿಗೆ ಕೊಂಕಣಿಯಲ್ಲಿ ನತಾಲಾಂ ಅಂತಾರೆ, ಪೋರ್ಚುಗೀಸರ ನತಾಲ್ ಅನ್ನೋ ಮಾತಿಂದ ಬಂದದ್ದು. ಆ ಹಬ್ಬಕ್ಕೆ ಮಾಡೋ ತಿಂಡಿಗಳನ್ನೆಲ್ಲ ಸೇರಿಸಿ ಕುಸ್ವಾರ್ ಅಂತಾರೆ.

ಈಗ ತೊಂದರೆ ಏನು ಅಂದರೆ, ಡಿಸೆಂಬರ್ ಅಂದರೆ ಅರೇಬಿಕಾ ಹಣ್ಣಿನ ಕುಯ್ಲು. ಗಿಡದಲ್ಲಿ ಕೆಂಪಗೆ ಹಣ್ಣು, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮನೆಯಲ್ಲಿ ಗಲಾಟೆ, ಕಣದ ತುಂಬ ಒಣಗೋ ಬೀಜ. ಅಂಥ ಹೊತ್ತಲ್ಲಿ ರೈಟರಿಗೆ ರಜೆ ಯಾರು ಕೊಡ್ತಾರೆ? ಶನಿವಾರದ ಬಟವಾಡೆ ಮುಗಿಸಿ ಹೋಗು ಅಂತಾರೆ.

1967ನೇ ಇಸವಿ. ನನಗೆ ಹತ್ತು ವರ್ಷ. ಆ ವರ್ಷ 23ನೇ ತಾರೀಖು ಶನಿವಾರ ಬಿತ್ತು. ಅಪ್ಪ ಆಳುಗಳಿಗೆಲ್ಲ ದುಡ್ಡು ಎಣಿಸಿ ಕೊಟ್ಟು, ಪುಸ್ತಕ ಬರೆದು ಮುಗಿಸೋ ಹೊತ್ತಿಗೆ ಲಾಟೀನು ಹಚ್ಚಿ ಆಗಿತ್ತು. ಭಾನುವಾರ ಬೆಳಿಗ್ಗೆ ಹೊರಟೆವು. ಅಪ್ಪ, ಅಮ್ಮ, ನಾನು, ನನ್ನ ತಮ್ಮ, ಜೊತೆಗೆ ಒಂದು ಗೋಣಿಚೀಲ ಅವರೆಕಾಯಿ. ಸೊಗಡಿನ ಅವರೆ. ಅದಿಲ್ಲದೆ ಅಮ್ಮ ಘಟ್ಟ ಇಳಿದವಳೇ ಅಲ್ಲ. ಅಲ್ಲಿಯವರಿಗೆ ನಮ್ಮ ಹಾಗೆ ಅವರೆ ಹುಚ್ಚಿಲ್ಲ, ಮೀನು ಎದುರಿಗಿರುವಾಗ ಅವರೆ ಯಾರಿಗೆ ಬೇಕು? ಆದರೂ ಹೊತ್ತುಕೊಂಡು ಹೋಗೋದು.

ಬಸ್ಸು ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳೀತಾ ಇತ್ತು. ಅರ್ಧ ದಾರಿಯಲ್ಲಿ ಢಬ್ ಅಂತ ಟೈರು ಹೋಯ್ತು. ಸರಿ, ಸ್ಟೆಪ್ನಿ ಇದೆಯಲ್ಲ ಅಂತ ಕಂಡಕ್ಟರು ಇಳಿಸಿ ನೋಡಿದ. ಅದರಲ್ಲೂ ಗಾಳಿ ಇಲ್ಲ. ಮೇಲಿಂದ ಇನ್ನೊಂದು ಬಸ್ಸೋ ಲಾರಿಯೋ ಬರೋವರೆಗೆ ಕಾಯಬೇಕು. ಗಂಡಸರು ಬೀಡಿ ಹಚ್ಚಿ ಡ್ರೈವರನ್ನ ಬೈಯೋಕೆ ಶುರು ಮಾಡಿದರು. ಬೈದರೆ ಟೈರಿಗೆ ಗಾಳಿ ತುಂಬುತ್ತಾ?

ನಮ್ಮಮ್ಮ ಸುಮ್ಮನೆ ಕೂರೋ ಪೈಕಿ ಅಲ್ಲ. ಚೀಲ ಇಳಿಸಿದಳು, ಬಾಯಿ ಬಿಚ್ಚಿದಳು, ಮೋರಿ ಕಟ್ಟೆ ಮೇಲೆ ಕೂತು ಅವರೆಕಾಯಿ ಸುಲಿಯೋಕೆ ಶುರು ಮಾಡಿದಳು. ಪಕ್ಕದಲ್ಲಿದ್ದ ಹಾಸನದ ಕಡೆಯ ಹೆಂಗಸು ಎರಡು ನಿಮಿಷ ನೋಡಿ ತಾನೂ ಒಂದು ಮುಷ್ಟಿ ತಗೊಂಡಳು. ಧರ್ಮಸ್ಥಳಕ್ಕೆ ಹೊರಟಿದ್ದ ಮುದುಕಿಯರು ಮೂರು ಜನ ಸೇರಿಕೊಂಡರು. ಪುತ್ತೂರಿನ ಕಡೆಯ ಒಬ್ಬ ಬ್ಯಾರಿ ಹೆಂಗಸಿಗೆ ಅವರೆ ಸುಲಿಯೋಕೆ ಬರ್ತಿರಲಿಲ್ಲ, ಕಾಯಿಯ ಬೆನ್ನು ಎಲ್ಲಿ ಒತ್ತಬೇಕು ಅಂತ ಈ ಮುದುಕಿಯರು ಅವರ ಕೈ ಹಿಡಿದು ತೋರಿಸಿದರು. ಆಮೇಲೆ ಅವರದೇ ಕೈ ಎಲ್ಲರಿಗಿಂತ ಚುರುಕಾಯ್ತು. ಬಸ್ಸಿನವರೆಲ್ಲ ಒಂದೇ ಮನೆಯವರ ಹಾಗೆ ಆಗಿಬಿಟ್ಟರು. ಯಾರ ಮಗಳಿಗೆ ಎಷ್ಟನೇ ತಿಂಗಳು, ಯಾರ ಅತ್ತೆ ಎಂಥವಳು, ಎಲ್ಲ ಹೊರಗೆ ಬಂತು. ಸಿಪ್ಪೆಯೆಲ್ಲ ಘಾಟಿಯ ಕಾಡಿಗೆ, ಕಾಳು ಅಮ್ಮನ ಸೀರೆ ಸೆರಗಿಗೆ. ಕೈಯೆಲ್ಲ ಅಂಟಂಟು, ಆ ಸೊಗಡಿನ ವಾಸನೆ. ಲಾರಿಯೊಂದು ಟೈರು ತಂದುಕೊಟ್ಟಾಗ, ಅಯ್ಯೋ ಇಷ್ಟು ಬೇಗ ಬಂತಾ ಅಂತ ಒಬ್ಬ ಅಜ್ಜಿ ಬೇಜಾರು ಮಾಡಿಕೊಂಡಿದ್ದು ನನಗೆ ಇವತ್ತಿಗೂ ನೆನಪಿದೆ.

ಅಜ್ಜಿ ಮನೆ ಮುಟ್ಟುವಾಗ ರಾತ್ರಿ ಒಂಬತ್ತು ಹೊಡೆದಿತ್ತು. ಅಂಗಳದಲ್ಲಿ ನಕ್ಷತ್ರದೊಳಗೆ ದೀಪ. ಒಳಗೆ ಹೋದರೆ ಕುಸ್ವಾರ್ ಎಲ್ಲ ಮುಗಿದು, ಡಬ್ಬಿಗಳ ಮುಚ್ಚಳ ಹಾಕಿ, ಸಾಲಾಗಿ ಮಂಚದ ಕೆಳಗೆ ಇಟ್ಟಾಗಿದೆ. ತಿನ್ನೋಕೆ ಕೊಟ್ಟರಪ್ಪಾ, ಕೊಡಲಿಲ್ಲ ಅಂತಲ್ಲ. ಬಾಯಿ ತುಂಬ ಕೊಟ್ಟರು. ಆದರೆ ನನ್ನ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಏಳೆಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು 'ಬೆಕ್ಕಿನ ಕಿಡಿಯೊ' ಅನ್ನೋರು, ಹೊಟ್ಟೆ ಹಿಡಿದುಕೊಂಡು ನಗೋರು. ಕಿಡಿಯೊ ಅನ್ನೋದು ಕುಸ್ವಾರಿನ ಒಂದು ತಿಂಡಿ. ಯಾವ ಬೆಕ್ಕು? ಏನಾಯ್ತು? ನನಗೆ ಗೊತ್ತಿಲ್ಲ. ಕೇಳಿದರೆ, ನೀನಿರಬೇಕಿತ್ತು ಕಣೆ ಅಂತಾರೆ. ರಾತ್ರಿ ಹನ್ನೆರಡರ ಪೂಜೆಗೆ ತೆಂಗಿನ ಗರಿಯ ಸೂಟೆ, ಅಂದರೆ ಪಂಜು, ಹಿಡಿದು ಚರ್ಚಿಗೆ ನಡೆಯುವಾಗಲೂ ಅದೇ ಬೆಕ್ಕು. ಹಬ್ಬದ ದಿನ ಊಟದಲ್ಲೂ ಅದೇ ಬೆಕ್ಕು. 26ಕ್ಕೆ ವಾಪಸು ಬಸ್ಸು ಹತ್ತಿದ್ದೂ ಆಯ್ತು. ಬೆಕ್ಕು ಏನು ಮಾಡಿತ್ತು ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ, ಸ್ವಾಮಿ!

ಅದಕ್ಕೇ ಹೇಳೋದು. ಹಬ್ಬ ಆಗೋದು 25ಕ್ಕಲ್ಲ. ಹಬ್ಬ ಆಗೋದು ಅದಕ್ಕೆ ಮುಂಚಿನ ನಾಲ್ಕು ದಿನ, ಕುಸ್ವಾರ್ ಮಾಡೋ ಆ ಮೇಜಿನ ಸುತ್ತ.

ಮರುವರ್ಷ ಅಮ್ಮ ಅಪ್ಪನನ್ನ ಕಾಫಿ ಕಣದಲ್ಲೇ ಬಿಟ್ಟು ನಮ್ಮನ್ನ 19ಕ್ಕೇ ಕರಕೊಂಡು ಹೋದಳು. ಮಾಂಯ್ ನನ್ನ ನೋಡಿ 'ಯೇ ಬಾಯೆ, ಬಸ್' ಅಂದರು. ಬಾ ಮಗಳೆ, ಕೂತ್ಕೋ ಅಂತ. ಕೈಗೊಂದು ಬಾಚಣಿಗೆ ಕೊಟ್ಟರು. ತಲೆ ಬಾಚೋಕಲ್ಲ, ಕಿಡಿಯೊ ಮಾಡೋಕೆ. ಕಿಡಿಯೊ ಅಂದರೆ ಕೊಂಕಣಿಯಲ್ಲಿ ಹುಳುಗಳು. ಹೆದರಬೇಡಿ, ಆಕಾರಕ್ಕೆ ಆ ಹೆಸರು. ಕೆಲವರು ಕುಲ್‌ಕುಲ್ ಅಂತಲೂ ಅಂತಾರೆ. ಮೈದಾ, ತುಪ್ಪ, ತೆಂಗಿನಹಾಲು ಹಾಕಿ ಕಲಸಿದ ಹಿಟ್ಟು. ಅದರಿಂದ ಕಡಲೆಕಾಳಿನಷ್ಟು ಚಿವುಟಿ, ಬಾಚಣಿಗೆಯ ಹಲ್ಲಿನ ಮೇಲಿಟ್ಟು, ಹೆಬ್ಬೆರಳಲ್ಲಿ ತೆಳ್ಳಗೆ ಒತ್ತಿ, ಹಾಗೇ ಸುತ್ತಿಕೊಂಡು ಬರಬೇಕು. ಗೆರೆ ಗೆರೆ ಇರೋ ಪುಟ್ಟ ಶಂಖದ ಹಾಗೆ ಸುರುಳಿಯಾಗುತ್ತೆ. ಜಾಸ್ತಿ ಒತ್ತಿದರೆ ಹಲ್ಲಿನೊಳಗೆ ಸಿಕ್ಕಿಕೊಳ್ಳುತ್ತೆ, ಕಮ್ಮಿ ಒತ್ತಿದರೆ ಗೆರೆಯೇ ಬೀಳಲ್ಲ. ಒಂದು ಕಿಲೋ ಹಿಟ್ಟು ಅಂದರೆ ಹೀಗೆ ಸಾವಿರಗಟ್ಟಲೆ ಚಿವುಟಬೇಕು. ಒಬ್ಬರು ಮಾಡಿದರೆ ಸೊಂಟ ಹೋಗುತ್ತೆ. ಹತ್ತು ಜನ ಕೂತರೆ ಎರಡು ಗಂಟೆ. ಇದು ಒಬ್ಬರು ಮಾಡೋ ತಿಂಡಿ ಅಲ್ಲವೇ ಅಲ್ಲ.

ಇನ್ನು ಬೇಯಿಸೋದು. ಕೊಬ್ಬರಿ ಎಣ್ಣೆಗೆ ಹಾಕಿದ ಕೂಡಲೇ ಸುತ್ತ ಗುಳ್ಳೆ ಏಳುತ್ತಲ್ಲ, ಅದು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಗೆ ಬರ್ತಿರೋದು. ಗುಳ್ಳೆ ಅಡಗಿತು ಅಂದರೆ ನೀರು ಹೋಯ್ತು. ಆಗ ತೆಗೀಬೇಕು. ನೀರಿಲ್ಲದ ಕಡೆ ಬೂಷ್ಟು ಬೆಳೆಯಲ್ಲ, ಅದಕ್ಕೇ ಕುಸ್ವಾರ್ ವಾರಗಟ್ಟಲೆ ಕೆಡದೆ ಇರೋದು. ಆಮೇಲೆ ಸಕ್ಕರೆ ಪಾಕಕ್ಕೆ ಹಾಕಿ, ಪಾಕ ಬೆಳ್ಳಗೆ ಹರಳುಗಟ್ಟೋವರೆಗೆ ಕೈಯಾಡಿಸಬೇಕು. ನನ್ನ ಬಾಪ್ಪು, ಅಂದರೆ ಚಿಕ್ಕಪ್ಪ, ಆ ಕೆಲಸವನ್ನ ಬೇರೆ ಯಾರಿಗೂ ಕೊಡ್ತಿರಲಿಲ್ಲ.

ನೆವ್ರ್ಯೊ ಅಂತ ಮಾಡ್ತಾರೆ, ಅದು ನಮ್ಮ ಕರ್ಜಿಕಾಯಿಯೇ. ಒಳಗೆ ಹುರಿದ ಎಳ್ಳು, ಕೊಬ್ಬರಿ, ಗೋಡಂಬಿ, ಏಲಕ್ಕಿ. ಕೊಕಿಸಾಂ ಅಂದರೆ ಗುಲಾಬಿ ಹೂವಿನ ಅಚ್ಚಿನಲ್ಲಿ ಮಾಡೋದು. ಅಲ್ಲಿ ಒಂದೇ ಗುಟ್ಟು. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದಿರೋ, ಹಿಟ್ಟು ಅಚ್ಚಿನ ಮೇಲೂ ಕವುಚಿಕೊಂಡು ಬಿಡೋದೇ ಇಲ್ಲ. ಎಳ್ಳಿನ ಲಾಡು, ನೇಂದ್ರ ಬಾಳೆಕಾಯಿ ಕರಿದದ್ದು, ಗುಳಿಯೊ, ಚಕ್ಕುಲಿ, ಇನ್ನೂ ಇವೆ. ಹೇಳ್ತಾ ಕೂತರೆ ಆಗಲ್ಲ. ನನಗೆ ಕೊಟ್ಟಿರೋ ಹೊತ್ತಲ್ಲಿ ಅರ್ಧ ಶಿರಾಡಿ ಘಾಟಿಯಲ್ಲೇ ಕಳೆದಿದ್ದೀನಿ.

ಇವೆಲ್ಲ ಬೇಕರಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುತ್ತಲ್ಲ ಮೇಡಂ ಅಂತೀರಿ. ಸಿಗುತ್ತೆ. ರುಚಿಯೂ ಪರವಾಗಿಲ್ಲ. ಅದರೊಳಗೆ ಬೆಕ್ಕಿನ ಕಥೆ ಸಿಗುತ್ತಾ? ಸಿಗಲ್ಲ. ರಜೆ ಸಿಗಲ್ಲ ಅಂತೀರಿ. ಗೆಳೆಯರ ಮನೆ ಗೃಹಪ್ರವೇಶಕ್ಕೆ ಸಿಗುತ್ತೆ, ಗೋವಾಕ್ಕೆ ಸಿಗುತ್ತೆ, ಅಜ್ಜಿ ಮನೆಗೆ ಮಾತ್ರ ಸಿಗಲ್ಲ. ತೋಟದವರು ಕುಯ್ಲು ಅಂತೀರಿ. ಒಬ್ಬರು ಉಳೀರಿ, ಮಿಕ್ಕವರು ಹೋಗಿ, ನಮ್ಮಮ್ಮ ಮಾಡಿದ ಹಾಗೆ. ವಿಡಿಯೋ ಕಾಲ್ ಮಾಡ್ತೀವಿ ಅಂತ ಮಾತ್ರ ನನ್ನ ಹತ್ತಿರ ಹೇಳಬೇಡಿ.

ಈಗಂತೂ ಹೋಗೋದು ಸುಲಭ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ರೈಲೇ ಇದೆ, ಹಾದಿಯಲ್ಲಿ 57 ಸುರಂಗ. ಮಕ್ಕಳನ್ನ ಎಣಿಸೋಕೆ ಬಿಡಿ, ಇಪ್ಪತ್ತು ದಾಟಿದ ಮೇಲೆ ಜಗಳ ಶುರುವಾಗುತ್ತೆ, ನಿಮಗೆ ಸ್ವಲ್ಪ ನಿದ್ದೆ. ಮೂಡಿಗೆರೆ ಕಡೆಯವರಿಗೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇದ್ದೇ ಇದೆ.

ಇಲ್ಲಿಂದ ಏನು ಒಯ್ಯಬೇಕು? ಕಾಫಿಪುಡಿ ಎಲ್ಲರೂ ಒಯ್ತಾರೆ. ನೀವು ರಾಗಿ ಒಯ್ಯಿರಿ. ಗೋದಲಿ ಮಾಡ್ತಾರಲ್ಲ, ಬಾಲಯೇಸು ಹುಟ್ಟಿದ ಕೊಟ್ಟಿಗೆ, ಅದರ ಸುತ್ತ ಹಸಿರು ಗದ್ದೆಯ ಹಾಗೆ ಕಾಣೋಕೆ ತಟ್ಟೆಯಲ್ಲಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸ್ತಾರೆ. ಕರಾವಳಿಯಲ್ಲಿ ರಾಗಿ ಬೆಳೆಯೋರು ಅಪರೂಪ, ನಮ್ಮ ಹಾಸನದ ರಾಗಿ ಕಂಡರೆ ಮಕ್ಕಳಿಗೆ ಖುಷಿ. ಆದರೆ ನೋಡಿ, ರಾಗಿ ಮೊಳೆತು ಬೆರಳುದ್ದ ಹಸಿರಾಗೋಕೆ ಒಂದು ವಾರವಾದರೂ ಬೇಕು. 24ಕ್ಕೆ ತಗೊಂಡು ಹೋದರೆ ಏನು ಮಾಡ್ತೀರಿ, ಮುದ್ದೆ ಮಾಡ್ತೀರಾ? ಯಾರ ಕೈಯಲ್ಲಾದರೂ ಮುಂಚೆಯೇ ಕಳಿಸಿಬಿಡಿ. ಗೋದಲಿಗೆ ಹಾಸೋಕೆ ಕಾಫಿ ತೋಟದ ಮರದ ಮೇಲಿನ ಪಾಚಿ ಸ್ವಲ್ಪ ಒಯ್ದರಂತೂ ಮೊದಲ ಪಂಕ್ತಿಯಲ್ಲಿ ಊಟ.

ಊಟದ ಬಗ್ಗೆ ಎರಡೇ ಮಾತು. ಹಬ್ಬದ ದಿನ ಹಂದಿಮಾಂಸದ ಬಫಾತು, ಅಂದರೆ ಮಸಾಲೆ ಸಾರು, ಜೊತೆಗೆ ಸಾನ್ನಾಂ. ಸಾನ್ನಾಂ ಅಂದರೆ ಇಡ್ಲಿಯ ತಂಗಿ, ಹಿಂದೆ ಕಳ್ಳು ಹಾಕಿ ಹಿಟ್ಟು ಉಬ್ಬಿಸ್ತಿದ್ದರು, ಈಗ ಹೆಚ್ಚಿನವರು ಯೀಸ್ಟ್ ಹಾಕ್ತಾರೆ. ಡಿಸೆಂಬರಿನ ಚಳಿಗೆ ಇಲ್ಲಿ ನಮ್ಮ ದೋಸೆಹಿಟ್ಟು ಕಂಬಳಿ ಹೊದಿಸಿದರೂ ಹುಳಿ ಬರಲ್ಲ, ಅಲ್ಲಿ ಮಧ್ಯರಾತ್ರಿಗೇ ಪಾತ್ರೆಯಿಂದ ಉಕ್ಕಿರುತ್ತೆ. ಹಂದಿ ತಿನ್ನದವರಿಗೆ ಕೋಳಿ ಇರುತ್ತೆ, ಸಸ್ಯಾಹಾರಿಗಳಿಗೆ ಕಡಲೆ ಇರುತ್ತೆ, ಯಾರೂ ಹಸಿದು ಬಂದಿಲ್ಲ. ಸಂಜೆ ಕುಸ್ವಾರ್ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆಲ್ಲ ಕೊಟ್ಟು ಬರೋದು ಮಕ್ಕಳ ಕೆಲಸ. ಬಟ್ಟೆ ವಾಪಸು ತರಬೇಕು, ತರದೆ ಬಂದರೆ ಬೈಗುಳ.

ಕ್ರೈಸ್ತರಲ್ಲದವರೂ ಕೇಳ್ತಿದ್ದೀರಿ, ಗೊತ್ತು. ನಿಮ್ಮ ಹಾಸ್ಟೆಲಿನ ಗೆಳತಿಯೋ, ಆಫೀಸಿನವರೋ ಹಬ್ಬಕ್ಕೆ ಬನ್ನಿ ಅಂತ ಕರೀತಾರೆ. ಊಟದ ಹೊತ್ತಿಗೆ ಹೋಗಿ ಕೇಕ್ ತಿಂದು ಬರಬೇಡಿ. ಎರಡು ದಿನ ಮುಂಚೆ ಹೋಗಿ ಬಾಚಣಿಗೆ ಹಿಡಿದು ಕೂರಿ. ನಿಮಗೆ ಕೊಂಕಣಿ ಬರದಿದ್ದರೂ ನಡೆಯುತ್ತೆ, ಕಿಡಿಯೊ ಸುತ್ತೋ ಮೇಜಿನಲ್ಲಿ ತುಳು, ಕನ್ನಡ, ಕೊಂಕಣಿ ಎಲ್ಲ ಒಂದೇ ಬಾಯಲ್ಲಿ ಬರುತ್ತೆ.

ಸಮಯ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ. ಪ್ಲಮ್ ಕೇಕ್ ಬಗ್ಗೆ ಹೇಳಲೇ ಇಲ್ಲ, ಇರಲಿ, ಅದನ್ನ ಹೇಳೋರು ಬೇಕಾದಷ್ಟು ಜನ ಇದ್ದಾರೆ. 20ನೇ ತಾರೀಖು. ಇವತ್ತೇ ಟಿಕೆಟ್ ನೋಡಿ.

ಹಾಂ, ಒಂದು ಮರೆತಿದ್ದೆ. ಬಾಚಣಿಗೆ ಹೊಸದು ತಗೊಳ್ಳಿ. ನಮಸ್ಕಾರ.